ಬಂಪರ್ ಒಡೆದಿದೆ, ವಿಮೆ ಕೇಳಲೇ?

ಉಣಕಲ್ ಹತ್ತಿರ ಡಿವೈಡರ್‌ಗೆ ಕಾರು ತಾಗಿದರೂ ಯಾರಿಗೂ ಪೆಟ್ಟಾಗಿಲ್ಲ ಎಂದು ಬರೆದಿದ್ದೀರಿ. ಓದಿ ಸಮಾಧಾನವಾಯಿತು.

ಗ್ಯಾರೇಜಿನವರು ಹೇಳಿದ್ದು 7,000 ರೂಪಾಯಿ: ಹೊಸ ಬಂಪರ್‌ಗೆ 4,000, ಕೂಲಿ 3,000. ನಿಮ್ಮ ಪಾಲಿಸಿಯಲ್ಲಿ ಝೀರೋ ಡೆಪ್ರಿಸಿಯೇಷನ್ ಇಲ್ಲ; ಹಾಗಾಗಿ ಪ್ಲಾಸ್ಟಿಕ್ ಭಾಗದ ಅರ್ಧ ಬೆಲೆ ಕಡಿತವಾಗುತ್ತದೆ. 1,500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂಪಾಯಿಯನ್ನೂ ಮಾಲೀಕರೇ ಭರಿಸಬೇಕು. ಕೈಗೆ ಬರುವುದು ಹೆಚ್ಚೆಂದರೆ 4,000.

ಹೋಗುವುದನ್ನೂ ನೋಡಿ. ಮೂರು ವರ್ಷ ಕ್ಲೇಮ್ ಮಾಡದ ನಿಮಗೀಗ 35% ನೋ ಕ್ಲೇಮ್ ಬೋನಸ್ ಇದೆ. ಮುಂದಿನ ನವೀಕರಣಕ್ಕೆ ಅದು 45%, ಅದರಾಚೆ 50% ಆಗುತ್ತದೆ. ಕ್ಲೇಮ್ ಮಾಡಿದಿರೋ, ಸೊನ್ನೆಗಿಳಿದು ಮರುವರ್ಷ 20%ರಿಂದ ಮತ್ತೆ ಶುರು. ಈ ರಿಯಾಯಿತಿ ಸ್ವಂತ ವಾಹನ ಹಾನಿಯ ಪ್ರೀಮಿಯಂಗೆ ಮಾತ್ರ; ನಿಮ್ಮದು 8,000 ಎಂದಿದ್ದೀರಿ. ಎರಡೇ ವರ್ಷದಲ್ಲಿ 6,000 ರೂಪಾಯಿ ಹೋಯಿತು! ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿ ಇಲ್ಲದಿದ್ದರೆ, ದುರಸ್ತಿ ಹಣವನ್ನು ಕಿಸೆಯಿಂದಲೇ ಕೊಡಿ.

ಆದರೆ ಇವತ್ತೇ ಬಂಪರ್ ಬಿಚ್ಚಿಸಿ ನೋಡಿ. ಒಳಗೆ ರೇಡಿಯೇಟರ್‌ಗೆ ಏಟು ಬಿದ್ದಿದ್ದರೆ ಬಿಲ್ ಎಲ್ಲಿಗೋ ಹೋದೀತು. ಆಗ ಕೆಲಸ ನಿಲ್ಲಿಸಿ, ತಡಮಾಡದೆ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವವರೆಗೆ ಏನನ್ನೂ ಬದಲಿಸಬೇಡಿ.