ಗಾಳದ ಕೋಲಿನ ಉದ್ದವೂ ಎಸೆತದ ದೂರವೂ

1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು ಕಬಿನಿ ನದಿಯಲ್ಲಿ 120 ಪೌಂಡು ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಗಾಳವನ್ನು ದೂರಕ್ಕೆ ಎಸೆಯಲು ಉದ್ದನೆಯ ಕೋಲೇ ಮೇಲೆ? ಲೆಕ್ಕ ಹಾಕಿ ನೋಡೋಣ.

2 ಮತ್ತು 3 ಮೀಟರಿನ ಕೋಲುಗಳು ಸೆಕೆಂಡಿಗೆ 10 ರೇಡಿಯನ್ ಕೋನವೇಗದಿಂದ ತಿರುಗಿದರೆ, ತುದಿಗಳ ವೇಗ ಸೆಕೆಂಡಿಗೆ 20 ಮತ್ತು 30 ಮೀಟರು. ದೂರವು ವೇಗದ ವರ್ಗಕ್ಕೆ ಅನುಗುಣವಾದುದು. ಗಾಳಿಯ ತಡೆಯನ್ನು ಗಣಿಸದಿದ್ದರೆ, 45 ಡಿಗ್ರಿ ಕೋನದಲ್ಲಿ ಸೀಸದ ಗುಂಡು ಸುಮಾರು 41 ಮತ್ತು 92 ಮೀಟರು ಸಾಗಬೇಕು.

ಆದರೆ ಒಂದೇ ದಪ್ಪದ ಕೋಲಿನ ಜಡತ್ವಭ್ರಾಮಕವು ಉದ್ದದ ಘನದಂತೆ ಏರುವುದು. ಇಲ್ಲಿ ಸುಮಾರು 3.4 ಪಟ್ಟು. ತೋಳು ಕೊಡುವ ಶಕ್ತಿ ಅಷ್ಟೇ ಆಗಿ, ಗುಂಡು ಬಹಳ ಹಗುರವಾಗಿದ್ದರೆ, ಉದ್ದ ಕೋಲಿನ ತುದಿಯ ವೇಗ ಶೇಕಡ 18ರಷ್ಟು ಕಡಿಮೆಯಾಗುವುದು! ಟೊಳ್ಳಾಗಿ, ತುದಿಯತ್ತ ಸಣ್ಣಗಾಗುವ ಬಿದಿರಿನ ಹಿರಿಮೆ ಇದರಿಂದ ತಿಳಿಯುವುದು.

ಹೊಸ ತಿಪ್ಪಸಂದ್ರದ ವಿದ್ಯಾರ್ಥಿಗಳು ಜನರಿಲ್ಲದ ಬಯಲಿನಲ್ಲಿ, ಗಾಳ ಕಟ್ಟದೆ, ಇದನ್ನು ಅಳೆದು ನೋಡಬಹುದು.