ಭೂತಬಂಧನ: ಮಾತಿನ ಕಟ್ಟು, ಹಗ್ಗದ ಕಟ್ಟು

ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ 2014ರ ಡಿಸೆಂಬರ್ 6ರಂದು, ಡಾ. ಬಿ. ಆರ್. ಅಂಬೇಡ್ಕರ್ ಅವರ ಪರಿನಿರ್ವಾಣ ದಿನದ ನಿಮಿತ್ತ, ಮೌಢ್ಯವಿರೋಧಿ ಕಾರ್ಯಕ್ರಮ ನಡೆಯಿತು. ಆಗ ಸಚಿವರಾಗಿದ್ದ ಸತೀಶ ಜಾರಕಿಹೊಳಿಯವರು ಆ ರಾತ್ರಿಯನ್ನು ಅಲ್ಲಿಯೇ ಕಳೆದರು. ಸ್ಮಶಾನವು ದೆವ್ವಗಳ ನೆಲೆಯೆಂಬ ನಂಬಿಕೆಯನ್ನು ಎದುರಿಸುವುದು ಅದರ ಉದ್ದೇಶವಾಗಿತ್ತು. ಈ ಘಟನೆ ಸಾಹಿತ್ಯದ ಅಭ್ಯಾಸಿಗಳ ಮುಂದೆಯೂ ಒಂದು ಪ್ರಶ್ನೆಯನ್ನಿಡುತ್ತದೆ. ಭೂತವನ್ನು ‘ಕಟ್ಟುವುದು’ ಎಂದರೆ ನಮ್ಮ ಪರಂಪರೆಯಲ್ಲಿ ಏನು? ಯಾರು, ಯಾರನ್ನು, ಯಾವುದರಿಂದ ಕಟ್ಟುತ್ತಾರೆ? ಭೂತದ ಅಸ್ತಿತ್ವದ ಚರ್ಚೆ ಪ್ರಸ್ತುತ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಬಂಧನದ ಪರಿಕಲ್ಪನೆಯಷ್ಟೇ ಇಲ್ಲಿನ ವಿಷಯ.

ಕನ್ನಡದ ‘ಕಟ್ಟು’ ಶಬ್ದಕ್ಕೆ ಬಿಗಿಯುವುದು ಎಂಬ ಅರ್ಥವಷ್ಟೇ ಇಲ್ಲ. ಕಟ್ಟಳೆ, ಕಟ್ಟುಪಾಡು ಎಂಬಲ್ಲಿ ಅದು ನಿಯಮವೂ ಹೌದು. ಈ ಎರಡನೆಯ ಅರ್ಥವನ್ನು ಬಿಟ್ಟು ಭೂತಬಂಧನವನ್ನು ಗ್ರಹಿಸಲಾಗದು.

1

ಬಂಧನವಿಧಿಯನ್ನು ಶಾಸ್ತ್ರವಾಗಿ ನಿರೂಪಿಸಿದ, ಕರ್ನಾಟಕದಲ್ಲಿ ರಚಿತವಾದ ಪ್ರಾಚೀನ ಕೃತಿಗಳಲ್ಲಿ ಇಂದ್ರನಂದಿಯ ಸಂಸ್ಕೃತ ‘ಜ್ವಾಲಿನೀಕಲ್ಪ’ ಮುಖ್ಯವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಶಕ 861ರಲ್ಲಿ (ಕ್ರಿ.ಶ. 939), ಮಾನ್ಯಖೇಟದಲ್ಲಿ ಇದು ಪೂರ್ಣಗೊಂಡಿತು. ಹೇಲಾಚಾರ್ಯನ ಶಿಷ್ಯೆ ಕಮಲಶ್ರೀಗೆ ಬ್ರಹ್ಮರಾಕ್ಷಸನ ಪೀಡೆಯುಂಟಾಗುತ್ತದೆ; ಆಚಾರ್ಯನು ನೀಲಗಿರಿಯ ಶಿಖರದಲ್ಲಿ ಏಳು ದಿನ ವಹ್ನಿದೇವಿಯನ್ನು, ಎಂದರೆ ಜ್ವಾಲಾಮಾಲಿನಿಯನ್ನು, ಆರಾಧಿಸಿ ಮಂತ್ರವನ್ನು ಪಡೆಯುತ್ತಾನೆ. ಕೃತಿಯ ಹಿನ್ನೆಲೆಯಲ್ಲಿರುವುದು ಈ ಐತಿಹ್ಯ.

ಇಲ್ಲಿ ಗಮನಿಸಬೇಕಾದುದು ಕೃತಿಯ ಅನುಕ್ರಮ. ಹತ್ತು ಅಧಿಕಾರಗಳ ಈ ಗ್ರಂಥ ಗ್ರಹಗಳ ವರ್ಣನೆಯಿಂದ ಆರಂಭವಾಗುವುದಿಲ್ಲ, ಮಂತ್ರವಾದಿಯ ಲಕ್ಷಣದಿಂದ ಆರಂಭವಾಗುತ್ತದೆ. ಗ್ರಹ, ಮುದ್ರೆ, ಮಂಡಲಗಳ ವಿಚಾರ ಅನಂತರದ್ದು. ಅರ್ಹತೆಯಿಲ್ಲದವನಿಗೆ ಮಂತ್ರದ ಮೇಲೆ ಅಧಿಕಾರವಿಲ್ಲ. ಕಟ್ಟುವವನು ಮೊದಲು ತಾನು ಕಟ್ಟಿಗೆ ಒಳಗಾಗಬೇಕೆಂಬುದು ಈ ಅನುಕ್ರಮದ ತಾತ್ಪರ್ಯವೆಂದು ಹೇಳಬಹುದು.

2

ಭೂತವು ಮನುಷ್ಯನನ್ನು ಹಿಡಿಯುವುದೇಕೆ? ಚರಕಸಂಹಿತೆಯ ನಿದಾನಸ್ಥಾನವು ಇದಕ್ಕೆ ಮೂರು ಪ್ರಯೋಜನಗಳನ್ನು ಹೇಳುತ್ತದೆ: ಹಿಂಸೆ, ರತಿ, ಅಭ್ಯರ್ಚನ. ಮೂರನೆಯದು ಪೂಜೆಯ ಬಯಕೆ. ಬಯಕೆಯಿದ್ದಲ್ಲಿ ಮಾತುಕತೆಗೆ ಆಸ್ಪದವಿದೆ. ತುಳುನಾಡಿನ ಭೂತಾರಾಧನೆಯನ್ನು ಈ ಮಾತುಕತೆಯ ವಿಸ್ತಾರವಾದ ರೂಪವಾಗಿ ಓದಲು ಸಾಧ್ಯವಿದೆ.

ಪಾಡ್ದನಗಳಲ್ಲಿ ಮತ್ತೆ ಮತ್ತೆ ಬರುವ ಕಥಾವಿನ್ಯಾಸ ಹೀಗಿದೆ: ಮನೆಯಲ್ಲಿ ಕಾಯಿಲೆ, ಹಟ್ಟಿಯಲ್ಲಿ ತೊಂದರೆ ತಲೆದೋರುತ್ತದೆ, ಬಲಿಮೆಯಲ್ಲಿ ಇಂತಹದೇ ಭೂತವೆಂದು ತಿಳಿದುಬರುತ್ತದೆ, ಅದಕ್ಕೆ ಸ್ಥಾನ ಕಟ್ಟಿಸಿ ಕೋಲ ನೇಮಗಳನ್ನು ನಡೆಸುವ ಮಾತು ಕೊಡಲಾಗುತ್ತದೆ. ಇದರಲ್ಲಿ ಹೆಸರು, ಮಾತು, ನೆಲೆ ಎಂಬ ಮೂರು ಹಂತಗಳಿವೆ. ಹೆಸರಿಲ್ಲದ ಉಪದ್ರವಕ್ಕೆ ಹೆಸರು ಬಂದಾಗ ಅದು ಸಂವಾದಕ್ಕೆ ಒದಗುತ್ತದೆ. ನೆಲೆ ದೊರೆತಾಗ ಕಾಡುವ ಶಕ್ತಿಯೇ ಕಾಯುವ ದೈವವಾಗುತ್ತದೆ. ಕೋಲದಲ್ಲಿ ಗಗ್ಗರ ಕಟ್ಟಿ ಅಣಿ ಧರಿಸಿದ ಪಾತ್ರಿಯ ನುಡಿಯ ಮೂಲಕ ದೈವವು ಅಭಯ ಕೊಡುತ್ತದೆ. ನಡೆಸದೆ ಬಿಟ್ಟ ಸೇವೆಯನ್ನು ಕೇಳಿ ಗುತ್ತಿನ ಯಜಮಾನನನ್ನೂ ಗದರಿಸುತ್ತದೆ. ಹೀಗೆ ಕಟ್ಟು ಉಭಯರಿಗೂ ಅನ್ವಯಿಸುತ್ತದೆ. ತುಳುವರು ಈ ಆಚರಣೆಯ ನಿಯಮಗಳನ್ನು ‘ಕಟ್ಟ್ ಕಟ್ಟಳೆ’ ಎಂದು ಕರೆಯುವುದು ಅರ್ಥಪೂರ್ಣವಾಗಿದೆ. ಈ ಒಪ್ಪಂದ ಸಮಾನರ ನಡುವಿನದೆಂದು ಭಾವಿಸಬೇಕಾಗಿಲ್ಲ. ನುಡಿ ಕೊಡುವ ಪಾತ್ರಿ ಪಂಬದ, ಪರವ, ನಲಿಕೆ ಸಮುದಾಯದವನು. ಕೋಲ ಮುಗಿದ ಮೇಲೆ ಆ ಅಧಿಕಾರ ಅವನಲ್ಲಿ ಉಳಿಯುತ್ತಿರಲಿಲ್ಲ.

‘ದೆವ್ವ’ವೂ ದೇವ, ದೈವಗಳ ಶಬ್ದಪರಿವಾರದ್ದೇ. ತುಳುವಿನಲ್ಲಿ ‘ದೈವ’ ಪೂಜೆಗೊಳ್ಳುತ್ತದೆ, ನಮ್ಮ ಭಾಗದ ಮಾತಿನಲ್ಲಿ ‘ದೆವ್ವ’ ಬಡಿಯುತ್ತದೆ. ಇವೆರಡರ ಅಂತರ ನೆಲೆ ಪಡೆದ ಮತ್ತು ಪಡೆಯದ ಶಕ್ತಿಗಳ ಅಂತರವೆಂದು ತೋರುತ್ತದೆ.

3

ನೆಲೆ ಕೊಡದೆ ಓಡಿಸಲು ಹೊರಟಲ್ಲಿ ಬಂಧನದ ಅರ್ಥವೇ ಬದಲಾಗುತ್ತದೆ. ಇದಕ್ಕೆ ಸಾಕ್ಷ್ಯ ದೊರೆಯುವುದು ಕಾಯ್ದೆಯ ಪಠ್ಯದಲ್ಲಿ. 2017ರ ನವೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕಾರಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ, ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ತಡೆಯುವ ಕರ್ನಾಟಕದ ಅಧಿನಿಯಮವು, ದೆವ್ವ ಬಿಡಿಸುವ ನೆಪದಲ್ಲಿ ವ್ಯಕ್ತಿಯನ್ನು ಹಗ್ಗ ಇಲ್ಲವೆ ಸರಪಳಿಯಿಂದ ಕಟ್ಟುವುದು, ಕೋಲು ಚಾಟಿಗಳಿಂದ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಮುಂತಾದವನ್ನು ಅಪರಾಧವೆಂದು ಪಟ್ಟಿಮಾಡಿದೆ. ಇಲ್ಲಿ ಕಟ್ಟಿಗೆ ಒಳಗಾಗುವುದು ಭೂತವೂ ಅಲ್ಲ, ಮಂತ್ರವಾದಿಯೂ ಅಲ್ಲ, ಪೀಡಿತರ ಶರೀರ. ಅವರ ಮಾತೆಲ್ಲ ದೆವ್ವದ ಮಾತೆಂದು ತಳ್ಳಿಹೋಗುವುದರಿಂದ ‘ಬೇಡ’ ಎಂಬ ಅವರ ನುಡಿಗೂ ಬೆಲೆಯಿಲ್ಲ. ಮಾತಿನ ಕಟ್ಟು ಹಗ್ಗದ ಕಟ್ಟಾದುದು ಹೀಗೆ.

ಹಾಗೆಂದು ಪರಂಪರೆಯನ್ನು ನಿರ್ದೋಷಿಯೆಂದು ಸಾರಲಾಗದು. ಕಮಲಶ್ರೀಯ ಕಥೆಯಲ್ಲಿಯೂ ಪೀಡಿತಳು ಹೆಣ್ಣು, ಬಿಡಿಸುವವನು ಗುರು. ಆದರೂ ಹೊಡೆತವನ್ನು ‘ನಮ್ಮ ಜಾನಪದ’ವೆಂದು ಸಮರ್ಥಿಸುವವರಿಗೆ ಈ ಪಠ್ಯಗಳಿಂದಲೇ ಉತ್ತರ ಕೊಡಬಹುದು: ತನ್ನನ್ನು ಕಟ್ಟಿಕೊಳ್ಳದವನಿಗೆ ಕಟ್ಟುವ ಅಧಿಕಾರವಿಲ್ಲ. ಭೂತಗಳ ಅಧ್ಯಯನವು ಆಚರಣೆಗಳ ವರ್ಣನೆಗೆ ನಿಲ್ಲದೆ ಪೀಡಿತರೆನಿಸಿಕೊಂಡವರ ಮಾತನ್ನು ಅವರದೇ ಮಾತಾಗಿ ದಾಖಲಿಸುವತ್ತ ಸಾಗಬೇಕಾಗಿದೆ. ಸದಾಶಿವನಗರದ ಆ ರಾತ್ರಿ ಸ್ಮಶಾನದ ಭಯವನ್ನು ಪ್ರಶ್ನಿಸಿತು. ಹಗ್ಗವನ್ನು ಪ್ರಶ್ನಿಸುವ ಹೊಣೆ ನಮ್ಮ ಸಂಶೋಧನೆಯ ಮೇಲೂ ಇದೆ.