ಬದುವಿನ ಹೊಂಗೆ: ಕಡಿಯುವ ಮುಂಚೆ ಲೆಕ್ಕ ಹಾಕಿ

ಯಲಹಂಕದ ಆಚೆ ನಮ್ಮದು ಒಂದೂವರೆ ಎಕರೆ ರಾಗಿ ಹೊಲ. ಬದುವಿನ ಮೇಲೆ ಎಂಟು ಹೊಂಗೆ ಮರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಅಕ್ಕಪಕ್ಕದ ಹೊಲಗಳು ಸೈಟಾದವು, ಬದುವಿನ ಮರಗಳೂ ಹೋದವು. “ನೆರಳಲ್ಲಿ ರಾಗಿ ಏಳಲ್ಲ, ಕಡಿಸ್ಬಿಡಣ್ಣ” ಅಂದ ನನ್ನ ತಮ್ಮ. ಅವನ ಮಾತು ಸುಳ್ಳಲ್ಲ. ಮರದ ಬುಡದ ನಾಲ್ಕು ಸಾಲಿನಲ್ಲಿ ತೆನೆ ಸಣ್ಣವೇ. ಆದರೆ ಮರ ಕೊಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ?

ಹೊಂಗೆ ನಮ್ಮ ಅವರೆ, ತೊಗರಿಯ ಕುಲಕ್ಕೇ ಸೇರಿದ ಮರ. ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕ ಹಿಡಿಯುತ್ತದೆ. ಸೊಪ್ಪು ಒಳ್ಳೆಯ ಹಸಿರುಗೊಬ್ಬರ. ಬೀಜದಲ್ಲಿ ನೂರಕ್ಕೆ ಸುಮಾರು 30 ಪಾಲು ಎಣ್ಣೆ. ಹಿಂದೆ ಮನೆಯ ದೀಪಕ್ಕೆ ಇದನ್ನೇ ಬಳಸುತ್ತಿದ್ದರು. ಎಣ್ಣೆ ತೆಗೆದ ಹಿಂಡಿಯಲ್ಲಿ ಶೇಕಡ 4ರ ಆಸುಪಾಸು ಸಾರಜನಕ ಇರುತ್ತದೆ, ಬೆಳೆಗೆ ನಿಧಾನವಾಗಿ ಸಿಗುತ್ತದೆ. ದನಕ್ಕೆ ಮಾತ್ರ ತಿನ್ನಿಸಬೇಡಿ, ಅದು ಕಹಿ, ವಿಷದ ಅಂಶವೂ ಇದೆ. ಹೂವಿಗೆ ಜೇನು ಮುತ್ತುತ್ತದೆ. ಬಿರುಬೇಸಿಗೆಯಲ್ಲಿ ಹೊಸ ಎಲೆ ತುಂಬಿ ಆಳುಕಾಳಿಗೂ ದನಕರುವಿಗೂ ನೆರಳು.

ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಒಂದು ವರ್ಷ ತಮ್ಮನ ಸಮಾಧಾನಕ್ಕೆ ಜೂನ್‌ನಲ್ಲಿ ಎಂಟೂ ಮರದ ಕೊಂಬೆ ಸವರಿಸಿದೆ. ಸೊಪ್ಪು ಬೇಕಾದಷ್ಟಾಯಿತು. ಮರುವರ್ಷದ ಬೇಸಿಗೆಗೆ ಆಯಲು ಒಂದು ಕಾಯಿ ಇಲ್ಲ! ಹೊಂಗೆ ಬೇಸಿಗೆಯಲ್ಲಿ ಹೂ ಬಿಟ್ಟರೆ ಕಾಯಿ ಬಲಿಯುವುದು ಮುಂದಿನ ಬೇಸಿಗೆಗೆ. ಕೊಂಬೆಯ ಜೊತೆ ಎಳೆಗಾಯಿಯನ್ನೂ ಕಡಿದಿದ್ದೆ.

ಈಗ ಪಾಳಿ ಮಾಡಿಕೊಂಡಿದ್ದೇವೆ. ಒಂದು ವರ್ಷ ನಾಲ್ಕು ಮರ, ಮರುವರ್ಷ ಉಳಿದ ನಾಲ್ಕು. ಬಿತ್ತನೆಗೆ ಎರಡು ಮೂರು ವಾರ ಮುಂಚೆ ಕೊಂಬೆ ಸವರಿ, ಎಳೆ ಸೊಪ್ಪನ್ನು ಹೊಲದಲ್ಲಿ ಹರಡಿ ಉಳುತ್ತೇವೆ. ರಾಗಿಗೆ ಬಿಸಿಲೂ ಬೀಳುತ್ತದೆ, ಸವರದ ಮರಗಳಲ್ಲಿ ಕಾಯಿಯೂ ಉಳಿಯುತ್ತದೆ. ಕಡ್ಡಿ ಒಲೆಗಾಯಿತು. ಬದುವಿನ ಪಕ್ಕ ಒಂದು ಸಾಲು ಆಳವಾಗಿ ಉತ್ತರೆ ಹೊಲದೊಳಕ್ಕೆ ಬರುವ ಬೇರೂ ಹತೋಟಿಗೆ ಬರುತ್ತದೆ.

ಹೊಸದಾಗಿ ಬೆಳೆಸುವವರು ಅದೇ ವರ್ಷದ ಕಾಯಿ ಆಯ್ದು, ಸಿಪ್ಪೆ ಬಿಡಿಸಿ, ಚೀಲದ ಮಣ್ಣಿಗೆ ಬೀಜ ಊರಿ. ಬೇರೆ ಉಪಚಾರ ಬೇಡ. ಹಳೆ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಫಲಕ್ಕೆ ಐದಾರು ವರ್ಷ ಕಾಯಬೇಕು.

ಹೋದ ಸಲ ಬೀಜ ಮಾರಿ ಹಿಂಡಿ ತಂದವನು ನನ್ನ ತಮ್ಮನೇ. ಕಡಿಸುವ ಮಾತು ಈಗ ಎತ್ತುವುದಿಲ್ಲ.